ಎಣಿಸಲಾಗದ್ದರ ಎಣಿಕೆ: ಅರಾಶಿಯಾಮಾ, ಧಾರವಾಡ, ನಾಗರಹೊಳೆ



ಕ್ಯೋಟೋ ನಗರದ ಪಶ್ಚಿಮದ ಅಂಚಿನಲ್ಲಿ ಅರಾಶಿಯಾಮಾ ಎಂಬ ಗುಡ್ಡಗಾಡಿದೆ. ಬುಡದಲ್ಲಿ ಕತ್ಸುರಾ ನದಿ. ಮೇಲೆ ಸುಮಾರು 120 ಮಂಗಗಳ ಒಂದು ಗುಂಪು. 1954ರಲ್ಲಿ ಈ ಮಂಗಗಳಿಗೆ ಆಹಾರ ಹಾಕಿ ಒಂದು ನೆಲೆಗೆ ಬರುವಂತೆ ರೂಢಿ ಮಾಡಿಸಲಾಯಿತು. ಅಂದಿನಿಂದ ಪ್ರತಿಯೊಂದು ಮಂಗವನ್ನೂ ಮುಖ ನೋಡಿ ಗುರುತು ಹಿಡಿದು, ತಾಯಿಯ ವಂಶವನ್ನು ಅನುಸರಿಸಿ ಹೆಸರಿಟ್ಟು ದಾಖಲಿಸುತ್ತ ಬರಲಾಗಿದೆ. ಯಾವ ಮರಿ ಯಾರದ್ದು, ಅದರ ಅಜ್ಜಿ ಯಾರು ಎಂಬುದನ್ನು ಅಲ್ಲಿನವರು ಹೇಳಬಲ್ಲರು. ಗುಂಪಿನಲ್ಲಿ ಎಷ್ಟು ಮಂಗಗಳಿವೆ ಎಂದು ಕೇಳಿದರೆ ಹೆಸರುಗಳ ಪಟ್ಟಿಯನ್ನು ಓದಿದರಾಯಿತು, ಉತ್ತರ ಸಿಕ್ಕಂತೆಯೇ. ಇಂಥ ಪಟ್ಟಿ ಮಾಡಲಾಗದ ಕಡೆ ಏನು ಮಾಡಬೇಕು ಎಂಬುದು ಇಂದಿನ ನನ್ನ ವಿಷಯ. ಹುಲಿಯನ್ನೋ ಮೀನನ್ನೋ ಸಾಲಾಗಿ ನಿಲ್ಲಿಸಿ ಎಣಿಸಲು ಬರುವುದಿಲ್ಲ. ಆದರೂ ಶಾಲೆಯಲ್ಲಿ ಕಲಿತ ಸಂಭವನೀಯತೆಯ ಗಣಿತದಿಂದ ಅವುಗಳ ಸಂಖ್ಯೆಯನ್ನು ನಂಬಿಕೆಗೆ ಅರ್ಹವಾಗಿ ಹೇಳಬಹುದು. ಹಾಗೆ ಹೇಳಲು ಎರಡು ಬೇಕು: ಕಂಡದ್ದನ್ನು ಮತ್ತೆ ಕಂಡಾಗ ಗುರುತು ಹಿಡಿಯುವ ಶಕ್ತಿ, ಮತ್ತು ಕಾಣದೆ ಉಳಿದದ್ದು ಎಷ್ಟೆಂದು ಅಳೆಯುವ ಲೆಕ್ಕ. ಎರಡರಲ್ಲಿ ಒಂದೇ ಇದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ದೇಶದ ಇತಿಹಾಸವೇ ತೋರಿಸಿದೆ.

ಗುರುತು ಹಿಡಿಯುವುದನ್ನು ವಿಜ್ಞಾನದ ವಿಧಾನವನ್ನಾಗಿ ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಕ್ಯೋಟೋ ವಿಶ್ವವಿದ್ಯಾಲಯಕ್ಕೆ ಸಲ್ಲಬೇಕು. ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯ ಜುನಿಚಿರೋ ಇತಾನಿ 1948ರಲ್ಲಿ ಜಪಾನಿನ ಕಾಡುಮಂಗಗಳನ್ನು ಗಮನಿಸಲು ತೊಡಗಿದರು. ಪ್ರಾಣಿಗಳಿಗೆ ಹೆಸರಿಡುವುದನ್ನು ಆ ಕಾಲದ ಪಶ್ಚಿಮದ ವಿದ್ವಾಂಸರಲ್ಲಿ ಅನೇಕರು ಭಾವುಕತೆ ಎಂದು ಎಣಿಸಿದ್ದರು. ಅವರ ಪಾಲಿಗೆ ಪ್ರಾಣಿ ಎಂದರೆ ಜಾತಿಯ ಒಂದು ಮಾದರಿ, ಅಷ್ಟೇ. ಇಮಾನಿಶಿಯವರ ಬಳಗ ಇದನ್ನು ಒಪ್ಪಲಿಲ್ಲ. ಒಂದೊಂದು ಮಂಗವೂ ಬೇರೆ, ಅದರ ನಡೆ ಬೇರೆ, ಅದರ ಸಂಬಂಧಗಳು ಬೇರೆ. ಅದನ್ನು ಅರಿಯದೆ ಗುಂಪನ್ನು ಅರಿಯಲಾಗದು ಎಂಬುದು ಅವರ ನಿಲುವು. ಅದೇ ವಿಶ್ವವಿದ್ಯಾಲಯಕ್ಕೆ 1952ರಲ್ಲಿ ಗಣಿತದ ಪ್ರಾಧ್ಯಾಪಕರಾಗಿ ಬಂದವರು ಕಿಯೋಶಿ ಇತೋ. ಸಂಭವನೀಯತಾ ಶಾಸ್ತ್ರದ ದಿಕ್ಕನ್ನೇ ಬದಲಿಸಿದ, 2006ರಲ್ಲಿ ಮೊದಲ ಗಾಸ್ ಪ್ರಶಸ್ತಿ ಪಡೆದ ಮಹಾನುಭಾವರು ಅವರು. ಇತೋ ಅವರ ಗಣಿತ ನಮ್ಮ ಇಂದಿನ ಪ್ರಶ್ನೆಗೆ ಬೇಕಾದುದಕ್ಕಿಂತ ಬಹಳ ಎತ್ತರದ್ದು. ಆದರೂ ಒಂದೇ ಆವರಣದಲ್ಲಿ ಒಂದು ಕಡೆ ಪ್ರತಿಯೊಂದು ಜೀವವನ್ನೂ ಬೇರೆಯಾಗಿ ನೋಡುವ ಕಣ್ಣು, ಇನ್ನೊಂದು ಕಡೆ ಆಕಸ್ಮಿಕವನ್ನು ನಿಯಮಕ್ಕೆ ಒಳಪಡಿಸುವ ಬುದ್ಧಿ ಬೆಳೆದವು ಎಂಬುದು ನೆನಪಿಡಬೇಕಾದ ಸಂಗತಿ. ಇವೆರಡೂ ಕೂಡಿದರೆ ಏನು ಸಾಧ್ಯ ಎಂಬುದಕ್ಕೆ ಒಳ್ಳೆಯ ಉದಾಹರಣೆ ಕೊಡಗು-ಮೈಸೂರು ಗಡಿಯ ನಾಗರಹೊಳೆ ಕಾಡಿನಲ್ಲಿ ಸಿಕ್ಕಿತು.

ಅಲ್ಲಿಗೆ ಹೋಗುವ ಮುನ್ನ ಒಂದು ಆಕ್ಷೇಪವನ್ನು ನೋಡೋಣ. ಅರಾಶಿಯಾಮಾದಲ್ಲಿ ಪೂರ್ಣ ಎಣಿಕೆ ಸಾಧ್ಯವಾಗಿರುವಾಗ, ಶ್ರಮ ಹಾಕಿದರೆ ಎಲ್ಲೆಡೆಯೂ ಸಾಧ್ಯವಾಗಬೇಕಲ್ಲವೇ? ಅಂದಾಜಿಗೆ ಏಕೆ ಮೊರೆಹೋಗಬೇಕು? ಇದಕ್ಕೆ ಉತ್ತರವನ್ನು ಅರಾಶಿಯಾಮಾದ ಚರಿತ್ರೆಯೇ ಕೊಡುತ್ತದೆ. ಆಹಾರ ಹಾಕಿದ್ದರಿಂದ ಮಂಗಗಳು ಎಣಿಕೆಗೆ ಸಿಕ್ಕವು, ನಿಜ. ಅದೇ ಆಹಾರದಿಂದ ಅವು ಹೆಚ್ಚಿದವು. 1966ರ ಹೊತ್ತಿಗೆ ಗುಂಪು ಎಷ್ಟು ದೊಡ್ಡದಾಯಿತೆಂದರೆ ಎರಡಾಗಿ ಒಡೆಯಿತು. 1972ರಲ್ಲಿ ಒಂದು ಹೋಳಿನ ಸುಮಾರು 150 ಮಂಗಗಳನ್ನು ಅಮೆರಿಕದ ಟೆಕ್ಸಾಸಿಗೆ ಸಾಗಿಸಬೇಕಾಯಿತು. ಎಣಿಸಲೆಂದು ಮಾಡಿದ ಏರ್ಪಾಡು ಎಣಿಕೆಯ ವಸ್ತುವನ್ನೇ ಬದಲಿಸಿತು. ಆ ಅಧ್ಯಯನಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ತಲೆಮಾರುಗಳ ಆ ದಾಖಲೆ ಜಗತ್ತಿನಲ್ಲಿ ಅಪರೂಪದ್ದು. ಆದರೆ ಕಾಡು ಕಾಡಾಗಿಯೇ ಉಳಿದಿರಬೇಕು, ಅದರ ಸಂಖ್ಯೆಯೂ ತಿಳಿಯಬೇಕು ಎನ್ನುವವರು ಪೂರ್ಣ ಎಣಿಕೆಯ ಹಂಬಲವನ್ನು ಬಿಡಲೇಬೇಕಾಗುತ್ತದೆ.

ಕ್ಯೋಟೋದ ಈ ವಿಧಾನ ಕರ್ನಾಟಕಕ್ಕೂ ಬಂದಿತ್ತು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. 1961ರಿಂದ 1963ರವರೆಗೆ ಕ್ಯೋಟೋ ಬಳಗದ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಿನ ಕಾಡುಗಳಲ್ಲಿ ಮುಸಿಯಗಳನ್ನು ಅಭ್ಯಸಿಸಿದರು. ಕೆಂಜಿ ಯೋಶಿಬಾ ಮತ್ತು ನಮ್ಮವರೇ ಆದ ಎಂ.ಡಿ. ಪಾರ್ಥಸಾರಥಿ ಈ ಕೆಲಸದಲ್ಲಿ ಜೊತೆಗಿದ್ದರು. ಒಂದೊಂದು ಮುಸಿಯವನ್ನೂ ಬೇರೆಯಾಗಿ ಬಲ್ಲವರಾದ್ದರಿಂದಲೇ 1962ರಲ್ಲಿ ಸುಗಿಯಾಮಾ ಅವರಿಗೆ ಒಂದು ಭಯಾನಕ ಸಂಗತಿ ಕಂಡಿತು. ಹೊರಗಿನ ಗಂಡುಗಳು ಒಂದು ಗುಂಪಿನ ಮೇಲೆ ಬಿದ್ದು ಅದರ ಒಡೆಯನನ್ನು ಓಡಿಸಿದವು. ಗೆದ್ದು ಉಳಿದ ಗಂಡು ಗುಂಪಿನ ಹಸುಳೆಗಳನ್ನು ಕೊಂದಿತು. 1965ರಲ್ಲಿ ಪ್ರಕಟವಾದ ಈ ವರದಿಯ ಸುತ್ತ ದಶಕಗಳ ವಾದ ನಡೆಯಿತು. ಧಾರವಾಡದಲ್ಲಿ ಮುಸಿಯಗಳ ದಟ್ಟಣೆ ಅತಿಯಾಗಿತ್ತು, ಆದ್ದರಿಂದ ಅದು ಒತ್ತಡದಿಂದ ಹುಟ್ಟಿದ ವಿಕೃತಿ ಎಂದು ಕೆಲವರು ಹೇಳಿದರು. ಗಂಡಿನ ಸಂತಾನಲಾಭಕ್ಕೆ ಒದಗುವ ನಡೆ ಎಂದು ಮೌಂಟ್ ಅಬುವಿನಲ್ಲಿ ಅಭ್ಯಾಸ ಮಾಡಿದ ಸಾರಾ ಹರ್ಡಿ ವಾದಿಸಿದರು. ಆ ಚರ್ಚೆಯ ತೀರ್ಪು ಇಲ್ಲಿ ನಮಗೆ ಬೇಕಿಲ್ಲ. ಗಮನಿಸಬೇಕಾದುದು ಇಷ್ಟು: ಪ್ರಾಣಿವರ್ತನೆಯ ಒಂದು ಮೂಲಭೂತ ಪ್ರಶ್ನೆ ಬಂದು ನಿಂತದ್ದು ಚದರ ಕಿಲೋಮೀಟರಿಗೆ ಎಷ್ಟು ಎಂಬ ಸಂಖ್ಯೆಯ ಮೇಲೆ. ಸಂಖ್ಯೆ ಎಂದರೆ ಕಡತ ತುಂಬುವ ಗುಮಾಸ್ತಿಕೆಯೆಂದು ಭಾವಿಸುವವರು ಇದನ್ನು ಯೋಚಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ಚೀಲದ ತುಂಬ ಅವರೆಕಾಳು ಇದೆ, ಸುರಿದು ಎಣಿಸುವಂತಿಲ್ಲ. 50 ಕಾಳು ತೆಗೆದು ಅರಿಸಿನ ಬಳಿದು ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ, 40 ಕಾಳು ತೆಗೆಯಿರಿ. ಅದರಲ್ಲಿ 5 ಹಳದಿ ಕಾಳು ಬಂದರೆ, ತೆಗೆದದ್ದರಲ್ಲಿ ಎಂಟರಲ್ಲೊಂದು ಗುರುತಿನದು. ಚೀಲದಲ್ಲೂ ಎಂಟರಲ್ಲೊಂದೇ ಇರಬೇಕು. ಗುರುತಿನವು 50 ಆದ್ದರಿಂದ ಒಟ್ಟು 400. ಡೆನ್ಮಾರ್ಕಿನ ಪೀಟರ್ಸನ್ 1896ರಲ್ಲಿ ಮೀನುಗಳಿಗೆ ಗುರುತು ಕಟ್ಟಿದಾಗಲೂ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಕೋಳಿಗಳ ಕಾಲುಂಗುರಗಳಿಂದ ಲೆಕ್ಕ ಹಾಕಿದಾಗಲೂ ಇದ್ದದ್ದು ಇದೇ ತ್ರೈರಾಶಿಕ. ಅವರಿಗೂ ಹಿಂದೆ, 1802ರಲ್ಲಿ, ಗಣಿತಜ್ಞ ಲಾಪ್ಲಾಸ್ ಫ್ರಾನ್ಸಿನ ಜನಸಂಖ್ಯೆಯನ್ನು ಹೀಗೆಯೇ ಹುಡುಕಿದರು. ಆಯ್ದ ಊರುಗಳಲ್ಲಿ 20 ಲಕ್ಷಕ್ಕೂ ಮಿಕ್ಕ ಜನರನ್ನು ಎಣಿಸಿ, ಸುಮಾರು 28.35 ಜನರಿಗೆ ವರ್ಷಕ್ಕೆ ಒಂದು ಜನನ ಎಂದು ಕಂಡು, ದೇಶದ ಒಟ್ಟು ಜನನಗಳನ್ನು ಅದರಿಂದ ಗುಣಿಸಿದರು. ಲಾಪ್ಲಾಸ್ ಅವರ ಹಿರಿಮೆ ಗುಣಾಕಾರದಲ್ಲಿಲ್ಲ. ತನ್ನ ಉತ್ತರ ಎಷ್ಟು ತಪ್ಪಿರಬಹುದು, ಅದರ ಸಂಭವವೆಷ್ಟು ಎಂಬುದನ್ನೂ ಲೆಕ್ಕ ಹಾಕಿದ್ದರಲ್ಲಿದೆ. ನಮ್ಮ ಚೀಲದಿಂದ ಐದರ ಬದಲು ನಾಲ್ಕು ಹಳದಿ ಕಾಳು ಬಂದಿದ್ದರೆ ಉತ್ತರ 500 ಆಗುತ್ತಿತ್ತು, ಆರು ಬಂದಿದ್ದರೆ 333. ಒಂದು ಕಾಳಿನ ಆಕಸ್ಮಿಕಕ್ಕೆ ಇಷ್ಟು ವ್ಯತ್ಯಾಸ. ಆದ್ದರಿಂದ ಬರೇ 400 ಎಂದು ಹೇಳಿ ಸುಮ್ಮನಾಗುವವನು ಅರ್ಧ ಸತ್ಯವನ್ನು ಮಾತ್ರ ಹೇಳುತ್ತಾನೆ.

ಗುರುತನ್ನು ನಾವೇ ಬಳಿಯಬೇಕೆಂದಿಲ್ಲ, ಮೊದಲೇ ಇದ್ದರೂ ಆದೀತು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಟ್ಯಾಂಕುಗಳ ಮೇಲಿನ ಕ್ರಮಸಂಖ್ಯೆಗಳಿಂದ ಮಿತ್ರಪಕ್ಷದ ಸಂಖ್ಯಾಶಾಸ್ತ್ರಜ್ಞರು 1942ರ ಆಗಸ್ಟ್ ತಿಂಗಳ ಉತ್ಪಾದನೆಯನ್ನು 327 ಎಂದು ಅಂದಾಜು ಮಾಡಿದ್ದರು. ಗೂಢಚಾರ ಇಲಾಖೆಯ ಅಂದಾಜು 1,550. ಯುದ್ಧ ಮುಗಿದ ಮೇಲೆ ಜರ್ಮನಿಯ ಕಡತದಲ್ಲಿ ಸಿಕ್ಕ ಸಂಖ್ಯೆ 342. ಹುಲಿಯ ಮೈಮೇಲೂ ಹುಟ್ಟಿನಿಂದಲೇ ಇಂಥದೊಂದು ಕ್ರಮಸಂಖ್ಯೆಯಿದೆ: ಅದರ ಪಟ್ಟೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಒಂದೇ ಹುಲಿಯ ಎಡಮಗ್ಗುಲಿನಂತೆ ಬಲಮಗ್ಗುಲೂ ಇರುವುದಿಲ್ಲ. ಆದ್ದರಿಂದಲೇ ಹುಲಿ ಎಣಿಸುವವರು ದಾರಿಯ ಎರಡೂ ಬದಿಗೆ, ಹಾಯುವ ಪ್ರಾಣಿಯ ಚಿತ್ರವನ್ನು ತಾನಾಗಿಯೇ ತೆಗೆಯುವ ಒಂದೊಂದು ಕ್ಯಾಮೆರಾ (ಕ್ಯಾಮೆರಾ ಟ್ರ್ಯಾಪ್) ಇಡುತ್ತಾರೆ.

ಭಾರತ ಈ ದಾರಿಗೆ ಬಂದದ್ದು ತಡವಾಗಿ. ಅದಕ್ಕೂ ಮೊದಲು, 1966ರಲ್ಲಿ ಒಡಿಶಾದ ಸರೋಜ್ ರಾಜ್ ಚೌಧರಿ ರೂಪಿಸಿದ ಹೆಜ್ಜೆ ಗುರುತಿನ ವಿಧಾನದಿಂದ 1972ರಲ್ಲಿ ದೇಶದಲ್ಲಿ 1,827 ಹುಲಿಗಳಿವೆ ಎಂದು ಎಣಿಸಲಾಯಿತು. ಅರಣ್ಯ ಸಿಬ್ಬಂದಿ ಕಾಡನ್ನೆಲ್ಲ ಸುತ್ತಿ, ಹೆಜ್ಜೆಗಳ ನಕಲು ತೆಗೆದು, ಒಂದೊಂದು ಹೆಜ್ಜೆಯೂ ಇಂಥದೇ ಹುಲಿಯದೆಂದು ವಿಂಗಡಿಸುತ್ತಿದ್ದರು. ಅವರ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಬೇಸಿಗೆಯ ಬಿಸಿಲಿನಲ್ಲಿ ಸಾವಿರಾರು ಜನ ನಡೆದು ಮಾಡಿದ ಕೆಲಸವದು. ಆದರೆ ವಿಧಾನದ ತಳದಲ್ಲೇ ಎರಡು ಬಿರುಕುಗಳಿದ್ದವು. ಒದ್ದೆ ಮಣ್ಣಿನಲ್ಲಿ, ಒಣ ಧೂಳಿನಲ್ಲಿ, ಇಳಿಜಾರಿನಲ್ಲಿ ಒಂದೇ ಹುಲಿಯ ಹೆಜ್ಜೆ ಬೇರೆ ಬೇರೆಯಾಗಿ ಕಾಣುತ್ತದೆ. ನಾಲ್ಕು ಹುಲಿಗಳ ಹೆಜ್ಜೆಗಳ ನಕಲುಗಳನ್ನು ಬೆರೆಸಿ ಅನುಭವಿ ಅಧಿಕಾರಿಗಳ ಮುಂದಿಟ್ಟಾಗ ಒಬ್ಬರಿಗೂ ಸರಿಯಾದ ಸಂಖ್ಯೆ ಹೇಳಲಾಗಲಿಲ್ಲ. ಎರಡನೆಯ ಬಿರುಕು ಇನ್ನೂ ಆಳದ್ದು. ಎಲ್ಲ ಹುಲಿಗಳನ್ನೂ ಎಣಿಸಿದ್ದೇವೆ ಎಂಬ ನಂಬಿಕೆಯಿಂದ ಹೊರಟ ವಿಧಾನದಲ್ಲಿ ತಪ್ಪಿಹೋದ ಹುಲಿಗಳೆಷ್ಟು ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ, ಹೆಚ್ಚಾಗಿ ಎಣಿಸಿದ್ದನ್ನು ಪತ್ತೆ ಹಚ್ಚುವ ದಾರಿಯೂ ಇರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ 2004ರ ಎಣಿಕೆ 16ರಿಂದ 18 ಹುಲಿಗಳಿವೆ ಎಂದಿತ್ತು. 2005ರ ಆರಂಭದಲ್ಲಿ ಹುಡುಕಿದರೆ ಅಲ್ಲಿ ಒಂದೂ ಉಳಿದಿರಲಿಲ್ಲ. ಕಳ್ಳಬೇಟೆಗೆ ಎಲ್ಲವೂ ಬಲಿಯಾಗಿದ್ದವು. 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತಂದು ಬಿಡಬೇಕಾಯಿತು. ತಪ್ಪು ಸಂಖ್ಯೆ ಕಾಗದದ ತಪ್ಪಾಗಿ ಉಳಿಯಲಿಲ್ಲ, ಒಂದು ಕಾಡಿನ ಹುಲಿಗಳು ಸಾಯುತ್ತಿದ್ದುದನ್ನು ಅದು ಮುಚ್ಚಿಟ್ಟಿತ್ತು.

ಸರಿಸ್ಕಾದ ಆಘಾತಕ್ಕೆ ಹತ್ತು ವರ್ಷ ಮೊದಲೇ, 1995ರಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಗುರುತು-ಮರುಭೇಟಿಯ ಲೆಕ್ಕದಲ್ಲಿ ಅಂದಾಜು ಮಾಡಿ ತೋರಿಸಿದ್ದರು. ಆ ಲೆಕ್ಕದ ತಿರುಳನ್ನು ಕಲ್ಪಿತ ಅಂಕಿಗಳಲ್ಲಿ ವಿವರಿಸುತ್ತೇನೆ. ಮೊದಲ ರಾತ್ರಿ ಐದು ಹುಲಿಗಳು ಚಿತ್ರಕ್ಕೆ ಸಿಕ್ಕವು. ಎರಡನೆಯ ರಾತ್ರಿ ಆ ಐದರಲ್ಲಿ ಒಂದೇ ಮತ್ತೆ ಸಿಕ್ಕಿತು. ಉಳಿದ ನಾಲ್ಕು ಕಾಡಿನಲ್ಲೇ ಇವೆ, ನಮ್ಮ ಕಣ್ಣಿಗೆ ಬೀಳಲಿಲ್ಲ. ಹಾಗಾದರೆ ಒಂದು ರಾತ್ರಿಯಲ್ಲಿ ಒಂದು ಹುಲಿ ಸಿಗುವ ಸಂಭವ ಸುಮಾರು 0.2. ಮುಂದಿನ ರಾತ್ರಿಗಳ ಮರುಭೇಟಿಗಳೂ ಇದನ್ನೇ ಹೇಳಿದವು ಎಂದಿಟ್ಟುಕೊಳ್ಳಿ. ಒಂದು ರಾತ್ರಿ ತಪ್ಪಿಸಿಕೊಳ್ಳುವ ಸಂಭವ 0.8; ಐದು ರಾತ್ರಿಯೂ ತಪ್ಪಿಸಿಕೊಳ್ಳಬೇಕಾದರೆ 0.8ನ್ನು ಐದು ಸಲ ಗುಣಿಸಬೇಕು, ಬರುವುದು 0.33. ಅಂದರೆ ಮೂರರಲ್ಲಿ ಒಂದು ಹುಲಿ ಕೊನೆಯವರೆಗೂ ಕಾಣುವುದೇ ಇಲ್ಲ. ಐದು ರಾತ್ರಿಗಳಲ್ಲಿ 20 ಬೇರೆ ಬೇರೆ ಹುಲಿಗಳು ಸಿಕ್ಕಿದ್ದರೆ ಕಾಡಿನಲ್ಲಿರುವುದು ಸುಮಾರು 30. ಎಂದೂ ಕಾಣದ ಹತ್ತು ಹುಲಿಗಳ ಸುಳಿವನ್ನು ಕೊಟ್ಟವು, ಕಂಡು ಮತ್ತೆ ಕಾಣದಾದ ಹುಲಿಗಳೇ. ಗುರುತಿಲ್ಲದಿದ್ದರೆ ಈ ಸುಳಿವು ಸಿಗುತ್ತಲೇ ಇರಲಿಲ್ಲ, ಏಕೆಂದರೆ ಎರಡನೆಯ ರಾತ್ರಿ ಬಂದದ್ದು ಹಳೆಯ ಹುಲಿಯೋ ಹೊಸದೋ ಎಂಬುದೇ ತಿಳಿಯುತ್ತಿರಲಿಲ್ಲ.

1998ರಲ್ಲಿ ಕಾರಂತ ಮತ್ತು ಅಮೆರಿಕದ ಜೇಮ್ಸ್ ನಿಕಲ್ಸ್ ನಾಲ್ಕು ಕಾಡುಗಳ ಫಲಿತಾಂಶ ಪ್ರಕಟಿಸಿದರು. 100 ಚದರ ಕಿ.ಮೀ.ಗೆ ಪೆಂಚದಲ್ಲಿ 4.1, ನಾಗರಹೊಳೆಯಲ್ಲಿ 11.5, ಕಾನ್ಹಾದಲ್ಲಿ 11.7, ಕಾಜಿರಂಗದಲ್ಲಿ 16.8 ಹುಲಿಗಳು. ಪ್ರತಿಯೊಂದರ ಪಕ್ಕದಲ್ಲೂ ಪ್ರಮಾಣದೋಷ, ಎಂದರೆ ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ, ಬರೆದಿತ್ತು, ನಾಗರಹೊಳೆಯದು 1.7. ಇನ್ನೂ ಮಹತ್ವದ ಫಲ 2006ರಲ್ಲಿ ಬಂತು. 1991ರಿಂದ 2000ದವರೆಗಿನ ಚಿತ್ರಗಳಿಂದ ನಾಗರಹೊಳೆಯ 74 ಹುಲಿಗಳನ್ನು ಗುರುತಿಸಿ, ಒಂದು ಹುಲಿ ಒಂದು ವರ್ಷ ಅಲ್ಲೇ ಬದುಕಿ ಉಳಿಯುವ ಸಂಭವ 0.77 ಎಂದು ಕಂಡುಕೊಂಡರು. ಪ್ರತಿ ವರ್ಷ ನಾಲ್ಕರಲ್ಲಿ ಸುಮಾರು ಒಂದು ಹುಲಿ ಸಾಯುತ್ತದೆ ಇಲ್ಲವೇ ಕಾಡು ಬಿಟ್ಟು ಹೋಗುತ್ತದೆ. ಆದರೂ ಬೇಟೆಯ ಪ್ರಾಣಿಗಳು ಸಮೃದ್ಧವಾಗಿದ್ದು ಮರಿಗಳು ಬೆಳೆಯುತ್ತಿದ್ದುದರಿಂದ ಅಲ್ಲಿನ ದಟ್ಟಣೆ ಕುಸಿಯಲಿಲ್ಲ. ಹುಲಿಯೊಂದು ಸತ್ತ ಸುದ್ದಿ ಬಂದಾಗಲೆಲ್ಲ ಸಂತತಿಯೇ ಮುಗಿಯಿತೆಂದು ಗಾಬರಿಯಾಗುವವರಿಗೂ, ಹುಲಿ ಒಂದೂ ಸಾಯುತ್ತಿಲ್ಲ ಎಂದು ಸಮಾಧಾನ ಹೇಳುವವರಿಗೂ ಈ ಒಂದು ಅಂಕಿ ಉತ್ತರವಾಗಬಲ್ಲದು.

ಈ ಲೆಕ್ಕಕ್ಕೆ ಗಂಭೀರವಾದ ಆಕ್ಷೇಪಗಳಿವೆ, ಅವನ್ನು ಮರೆಮಾಚಬಾರದು. ಅವರೆಕಾಳಿನಂತೆ ಹುಲಿಗಳು ಸಮನಾಗಿ ಕಲಸಿಹೋಗುವುದಿಲ್ಲ. ದಾರಿಯಲ್ಲೇ ಓಡಾಡುವ ಗಂಡು ಮತ್ತೆ ಮತ್ತೆ ಸಿಗುತ್ತದೆ. ಮರಿಗಳಿರುವ ತಾಯಿ ಪೊದೆ ಬಿಟ್ಟು ಬರುವುದಿಲ್ಲ. ಸುಲಭವಾಗಿ ಸಿಗುವವೇ ಪದೇ ಪದೇ ಸಿಕ್ಕಾಗ ಮರುಭೇಟಿಗಳು ಹೆಚ್ಚಾಗಿ, ಕಾಡಿನ ಮೊತ್ತ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಇದು ನಿಜವಾದ ದೋಷ. ಆದರೆ ಇದು ತನ್ನನ್ನು ತಾನೇ ತೋರಿಸಿಕೊಡುವ ದೋಷ. ಯಾವ ಹುಲಿ ಎಷ್ಟು ಸಲ ಸಿಕ್ಕಿತು ಎಂಬ ಪಟ್ಟಿ ಕೈಯಲ್ಲಿರುವುದರಿಂದ ಸಂಭವಗಳು ಬೇರೆ ಬೇರೆಯಾಗಿವೆಯೇ ಎಂದು ಪರೀಕ್ಷಿಸಬಹುದು, ಅದಕ್ಕೆ ತಕ್ಕ ಮಾದರಿ ಬಳಸಬಹುದು. ಇನ್ನೊಂದು ಆಕ್ಷೇಪ ವಿಸ್ತೀರ್ಣದ್ದು: ಹುಲಿ ಕ್ಯಾಮೆರಾಗಳ ಗೆರೆಯ ಆಚೆಗೂ ಓಡಾಡುತ್ತದೆ, ಹಾಗಿರುವಾಗ 30 ಹುಲಿ ಎಂದರೆ ಎಷ್ಟು ಜಾಗಕ್ಕೆ? ಪ್ರತಿ ಹುಲಿಗೂ ಒಂದು ನೆಲೆಯ ಕೇಂದ್ರವಿದೆ, ಕೇಂದ್ರದಿಂದ ಕ್ಯಾಮೆರಾ ದೂರವಾದಷ್ಟೂ ಸಿಗುವ ಸಂಭವ ತಗ್ಗುತ್ತದೆ ಎಂದು ಲೆಕ್ಕದಲ್ಲೇ ಸೇರಿಸುವುದು ಇದಕ್ಕೆ ಪರಿಹಾರ. ಆ ಮಾದರಿಯನ್ನು ಬೆಳೆಸಿದ 2009ರ ಪ್ರಬಂಧವೊಂದಕ್ಕೆ ಆಧಾರವಾದದ್ದು ನಾಗರಹೊಳೆಯ ಹುಲಿಗಳೇ.

ಮೈಮೇಲೆ ಗುರುತೇ ಇಲ್ಲದ ಕಡವೆ, ಕಾಡುಹಂದಿಗಳ ಗತಿಯೇನು? ನನ್ನ ವಾದಕ್ಕೆ ಅತ್ಯಂತ ಕಠಿಣವಾದ ಪ್ರಶ್ನೆ ಇದು. ಜಪಾನಿಗೂ ಇದು ಬಿಸಿ ತಟ್ಟಿದ ಪ್ರಶ್ನೆ. ಜಿಂಕೆ, ಹಂದಿಗಳಿಂದ ಬೆಳೆಗೂ ಕಾಡಿಗೂ ಆಗುತ್ತಿರುವ ಹಾನಿಯನ್ನು ತಡೆಯಲು ಅವುಗಳ ಸಂಖ್ಯೆಯನ್ನು ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕೆಂದು ಅಲ್ಲಿನ ಸರ್ಕಾರ 2013ರಲ್ಲಿ ಗುರಿ ಇಟ್ಟುಕೊಂಡಿತು. ಮೊತ್ತ ತಿಳಿಯದೆ ಅರ್ಧ ಮಾಡುವುದು ಹೇಗೆ? 2018ರಲ್ಲಿ ನಾಕಾಶಿಮಾ, ಫುಕಾಸಾವಾ, ಸಾಮೆಜಿಮಾ ಎಂಬ ಮೂವರು ಜಪಾನೀ ವಿಜ್ಞಾನಿಗಳು ಒಂದು ಸರಳ ಉಪಾಯ ತೋರಿಸಿದರು. ಕ್ಯಾಮೆರಾದ ಮುಂದೆ ಅಳತೆ ಗೊತ್ತಿರುವ ಒಂದು ತುಂಡು ನೆಲ ಆರಿಸಿ, ಅದರೊಳಗೆ ಪ್ರಾಣಿಗಳು ಎಷ್ಟು ಸಲ ಬಂದವು, ಬಂದಾಗ ಎಷ್ಟು ಸೆಕೆಂಡು ಇದ್ದವು ಎಂದು ವಿಡಿಯೋದಲ್ಲಿ ಅಳೆಯುವುದು. ನೆಲ 2 ಚದರ ಮೀಟರ್, ಅವಧಿ 30 ದಿನ ಎನ್ನಿ. ಅದು 25,92,000 ಸೆಕೆಂಡು. ಆ ಅವಧಿಯಲ್ಲಿ 13 ಸಲ ಬಂದು ಸರಾಸರಿ 4 ಸೆಕೆಂಡು ಇದ್ದರೆ ಒಟ್ಟು 52 ಸೆಕೆಂಡು. ಇದನ್ನು ಅವಧಿಯಿಂದಲೂ ನೆಲದ ಅಳತೆಯಿಂದಲೂ ಭಾಗಿಸಿದರೆ ಚದರ ಕಿಲೋಮೀಟರಿಗೆ ಸುಮಾರು 10 ಪ್ರಾಣಿಗಳು. ಪ್ರಾಣಿ ಮಲಗಿರುವ ಹೊತ್ತಿಗೆ ಬೇರೆ ತಿದ್ದುಪಡಿ ಬೇಕು, ಕ್ಯಾಮೆರಾಗಳನ್ನು ಪ್ರಾಣಿಯ ದಾರಿ ನೋಡದೆ ಚೀಟಿ ಎತ್ತಿದಂತೆ ಹರಡಬೇಕು, ಮತ್ತು ಆ ತುಂಡು ನೆಲಕ್ಕೆ ಕಾಲಿಟ್ಟ ಯಾವ ಪ್ರಾಣಿಯೂ ಕ್ಯಾಮೆರಾ ಕಣ್ಣಿಗೆ ತಪ್ಪಬಾರದು. ಗುರುತಿನ ಅಗತ್ಯ ಇಲ್ಲಿ ಬಿದ್ದುಹೋಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾಣದೆ ಹೋದದ್ದಕ್ಕೆ ಲೆಕ್ಕ ಕೊಡಬೇಕೆಂಬ ಷರತ್ತು ಬಿದ್ದುಹೋಗುವುದಿಲ್ಲ. ಎರಡರಲ್ಲಿ ಹೆಚ್ಚು ಮುಖ್ಯವಾದದ್ದು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಜನರಿಗೆ ಒಂದೇ ಸಂಖ್ಯೆ ಬೇಕು, ಇಷ್ಟರಿಂದ ಇಷ್ಟರವರೆಗೆ ಎಂದರೆ ಗೊಂದಲವಾಗುತ್ತದೆ ಎನ್ನುವವರಿದ್ದಾರೆ. 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ಹುಲಿ ಯೋಜನೆಯ 50ನೇ ವರ್ಷದ ಸಮಾರಂಭದಲ್ಲಿ 3,167 ಎಂಬ ಸಂಖ್ಯೆ ಘೋಷಣೆಯಾಯಿತು. ಜುಲೈನಲ್ಲಿ ವಿವರವಾದ ವರದಿ ಬಂದಾಗ 3,682 ಎಂಬುದು ಸುದ್ದಿಯಾಯಿತು. ಮೂರು ತಿಂಗಳಲ್ಲಿ ಐನೂರು ಹುಲಿಗಳು ಹುಟ್ಟಿರಲಿಲ್ಲ. ಮೊದಲನೆಯದು ಕೆಳಮಿತಿ, ಎರಡನೆಯದು ಸರಾಸರಿ, ಮೇಲ್ಮಿತಿ 3,925. ಮೂರನ್ನೂ ಒಟ್ಟಿಗೆ ಹೇಳಿದ್ದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಮಳೆಯ ಮುನ್ಸೂಚನೆಯನ್ನು, ಚುನಾವಣಾ ಸಮೀಕ್ಷೆಯನ್ನು ಅಂತರದೊಂದಿಗೆ ಕೇಳಿ ಅರ್ಥಮಾಡಿಕೊಳ್ಳುವ ಜನ ಹುಲಿಯ ವಿಷಯದಲ್ಲಿ ಮಾತ್ರ ಅರ್ಥಮಾಡಿಕೊಳ್ಳಲಾರರು ಎಂದು ಭಾವಿಸುವುದು ಅವರಿಗೆ ಮಾಡುವ ಅನ್ಯಾಯ. ಕ್ಯಾಮೆರಾ ಇಟ್ಟ ಕಾಡಿನ ಫಲವನ್ನು ಇಡದ ಕಾಡುಗಳಿಗೂ ವಿಸ್ತರಿಸುವ ರಾಷ್ಟ್ರೀಯ ವಿಧಾನ ಎಷ್ಟು ಭದ್ರ ಎಂಬ ಬಗ್ಗೆ 2015ರಿಂದ ವಿಜ್ಞಾನಿಗಳ ನಡುವೆ ತೀಕ್ಷ್ಣ ಭಿನ್ನಾಭಿಪ್ರಾಯವಿದೆ. ಅದು ಬಗೆಹರಿಯಬೇಕಾದರೆ ಮೂಲ ದತ್ತಾಂಶ ಸ್ವತಂತ್ರ ಪರಿಶೀಲಕರ ಕೈಗೆ ಸಿಗಬೇಕು.

2022ರ ಎಣಿಕೆಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶದ ನಂತರದ ಸ್ಥಾನ ನಮ್ಮದು. ಮುಂದೆ ಇಂಥ ಅಂಕಿ ಪತ್ರಿಕೆಯಲ್ಲಿ ಬಂದಾಗ, ಹುಲಿಯದಾಗಲಿ, ಆನೆಯದಾಗಲಿ, ತೋಟಕ್ಕೆ ನುಗ್ಗುವ ಮಂಗದ್ದಾಗಲಿ, ಅದರ ಕೆಳಮಿತಿ ಮೇಲ್ಮಿತಿಗಳೆಷ್ಟು, ಎಣಿಸಿದವರ ಕಣ್ಣಿಗೆ ಒಂದು ಪ್ರಾಣಿ ಬೀಳುವ ಸಂಭವವೆಷ್ಟಿತ್ತು ಎಂದು ಕೇಳಿ. ಸಭೆಯಲ್ಲಿರುವ ಅಧ್ಯಾಪಕರು ಒಂದು ಹಿಡಿ ಅವರೆಕಾಳಿನಿಂದ ಈ ಲೆಕ್ಕವನ್ನು ಎಂಟನೆಯ ತರಗತಿಯಲ್ಲೇ ಮಕ್ಕಳಿಗೆ ಮಾಡಿಸಬೇಕೆಂದು ವಿನಂತಿಸುತ್ತೇನೆ.